ಐದನೆಯ ಸಾಲಿನ ದರ

ದರಪಟ್ಟಿಯ ಐದನೆಯ ಸಾಲಿಗೆ ಏನೆಂದು ಹೆಸರಿಡಬೇಕೆನ್ನುವುದು ಅವನಿಗೆ ಬೆಳಗ್ಗೆ ಎಂಟರಿಂದಲೂ ಹೊಳೆಯಲೇ ಇಲ್ಲ. ಮೊದಲ ನಾಲ್ಕು ಸಲೀಸಾಗಿ ಬಂದಿದ್ದವು. ಉಸಿರು, ಕೆಮ್ಮು, ಗಂಟಲು ಸರಿಮಾಡಿಕೊಂಡದ್ದನ್ನು ತೆಗೆಯುವುದು. ಫ್ಯಾನಿನ ಗುಂಯ್ ಸದ್ದು, ಬೀದಿಯ ಹಾರ್ನು ತೆಗೆಯುವುದು. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಒಂದನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸುವುದು. ಮೊದಲಿಗೂ ಕೊನೆಗೂ ಸಂಗೀತ ಕೂಡಿಸಿ ಇಡೀ ಎಪಿಸೋಡಿನ ದನಿಯನ್ನು ಒಂದು ಹದಕ್ಕೆ ತರುವುದು. ಒಂದೊಂದರ ಎದುರೂ ಒಂದು ಮೊತ್ತ ಬರೆದು, ಬರೆದದ್ದನ್ನು ತುಸು ಇಳಿಸಿ, ಇಳಿಸಿದ್ದಕ್ಕೆ ತನ್ನನ್ನೇ ಬೈದುಕೊಂಡು ಮತ್ತೆ ಏರಿಸಿದ್ದ. ಐದನೆಯದರಲ್ಲಿ ‘ಪದ ಬದಲಾವಣೆ’ ಎಂದು ಟೈಪು ಮಾಡಿ ಅಳಿಸಿದ. ‘ತಿದ್ದುಪಡಿ’ ಎಂದು ಹಾಕಿ ಅದನ್ನೂ ಅಳಿಸಿದ. ಕೊನೆಗೆ ‘ಇತರೆ’ ಎಂದ. ಇತರೆ ಒಳ್ಳೆಯ ಪದ, ಯಾರ ಮೇಲೂ ಬೆರಳು ತೋರಿಸುವುದಿಲ್ಲ, ಫಾರಮ್ಮುಗಳ ತುದಿಯಲ್ಲಿ ಮರ್ಯಾದಸ್ಥನ ಹಾಗೆ ಕೈಕಟ್ಟಿ ಕೂತಿರುತ್ತದೆ. ಆದರೆ ಇತರೆಗೆ ಎಷ್ಟು ಅಂತ ಹಾಕುವುದು? ಒಂದು ಸಲಕ್ಕೆ ಇಷ್ಟು ಅಂತಲೋ, ಒಂದು ಮಗುವಿಗೆ ಇಷ್ಟು ಅಂತಲೋ? ಎರಡನೆಯದು ತಲೆಗೆ ಬಂದದ್ದೇ ತಡ, ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದುಬಿಟ್ಟ.

ಎದ್ದು ಹೋಗುವುದಾದರೂ ಎಲ್ಲಿಗೆ! ಹಿಂದೆ ಬೇಡದ ಸಾಮಾನು ತುಂಬುತ್ತಿದ್ದ ಕೋಣೆ ಅದು. ಹೊರಗಿನ ಸದ್ದು ಬರಬಾರದೆಂದು ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿ, ಮೂರು ಗೋಡೆಗೂ ಕಂಬಳಿ ಮೊಳೆ ಹೊಡೆದಿದ್ದ. ಎರಡು ಹೆಜ್ಜೆ ಇಟ್ಟರೆ ಮೂಗು ಕಂಬಳಿಗೆ ತಾಗುತ್ತಿತ್ತು. ರೇಡಿಯೋ ಕೇಂದ್ರ ಮುಚ್ಚಿದ ಮೇಲೆ ನಾಲ್ಕು ವರ್ಷದಿಂದ ಇಲ್ಲಿಯೇ ಕೂತು ಊರವರ ಪಾಡ್‌ಕಾಸ್ಟುಗಳನ್ನು ಎಡಿಟ್ ಮಾಡುತ್ತಿದ್ದಾನೆ. ‘ನಮ್ಮ ಭಾವ ಜನರ ಕೆಮ್ಮು ತೆಗೆದು ಸಂಪಾದಿಸ್ತಾರೆ, ಡಾಕ್ಟರಿಗಿಂತ ವಾಸಿ’ ಎಂದು ಹೆಂಡತಿಯ ತಮ್ಮ ತುಂಬಿದ ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಿದ್ದು ಈಗಲೂ ಕಿವಿಯಲ್ಲಿ ಕೇಳಿಸುತ್ತದೆ, ಹಾಳಾದ ಕಿವಿ, ಅದಕ್ಕೆ ಮರೆಯುವುದೇ ಗೊತ್ತಿಲ್ಲ. ರೇಡಿಯೋದಲ್ಲಿ ಅವನಿಗೆ ಕತ್ತರಿ ಅಂತಲೇ ಹೆಸರು. ಅವನು ಕತ್ತರಿಸಿದರೆ ಕತ್ತರಿಸಿದ ಜಾಗ ದೇವರಿಗೂ ಸಿಗುವುದಿಲ್ಲ ಎಂದು ಉದ್ಘೋಷಕ ಹೇಳುತ್ತಿದ್ದ. ವಾರಕ್ಕೊಮ್ಮೆ ಮಕ್ಕಳ ಆರೋಗ್ಯದ ಬಗ್ಗೆ ಮಾತಾಡಲು ಬರುತ್ತಿದ್ದ ಡಾಕ್ಟರಮ್ಮ ಆ ಹೆಸರನ್ನು ಎತ್ತಿಕೊಂಡರು. ಕೇಂದ್ರ ಮುಚ್ಚಿದ ತಿಂಗಳೇ ಫೋನು ಮಾಡಿ, ‘ಏ ಕತ್ತರಿ, ನಾವೇ ಶುರು ಮಾಡೋಣ, ನಾನು ಮಾತಾಡ್ತೀನಿ ನೀನು ಹೊಲಿ’ ಎಂದವರೂ ಅವರೇ. ಆವತ್ತು ದರದ ಮಾತು ಬಂದಾಗ ಅವನಿಗೆ ಎದೆಯುಬ್ಬಿತ್ತು. ‘ಕೇಳೋರಿಗೆ ತಲುಪೋ ನಿಮಿಷಕ್ಕೆ ಮಾತ್ರ ಕೊಡಿ ಡಾಕ್ಟ್ರೇ, ನಾನು ತೆಗೆದು ಬಿಸಾಕೋ ಕಸಕ್ಕೆ ಯಾಕೆ ಕೊಡ್ತೀರಿ’ ಎಂದಿದ್ದ. ದೊಡ್ಡಸ್ತಿಕೆ! ಒಂದು ಗಂಟೆ ಮಾತಾಡಿದರೆ ನಲವತ್ತು ನಿಮಿಷ ಉಳಿಯುತ್ತಿದ್ದ ಕಾಲ ಅದು. ಈಗ ಅವರು ಕಳಿಸುವುದು ಮೂರೂವರೆ ಗಂಟೆ, ಉಳಿಯುವುದು ಇಪ್ಪತ್ತೈದು ನಿಮಿಷ. ಅವರ ಮಾತು ಕೆಟ್ಟಷ್ಟೂ ಅವನ ಕೆಲಸ ಹೆಚ್ಚುತ್ತಿತ್ತು, ಕೈಗೆ ಬರುವುದು ಕಮ್ಮಿಯಾಗುತ್ತಿತ್ತು.

ಇದನ್ನು ಡಾಕ್ಟರಮ್ಮನ ತಂಗಿಗೆ ಹೇಳುವುದು ಹೇಗೆ? ಕ್ಲಿನಿಕ್ಕಿನ ಆಡಳಿತವೆಲ್ಲ ಆಕೆಯದೇ. ಅಕ್ಕ ಬೆಳಗ್ಗೆ ಮನೆಯಲ್ಲಿ ಒಬ್ಬರೇ ಕೂತು ರೆಕಾರ್ಡ್ ಮಾಡಿ ನೇರ ಇವನಿಗೆ ಕಳಿಸುವುದರಿಂದ ಆಕೆಯ ಕಿವಿಗೆ ಬಿದ್ದಿರುವುದು ಇವನು ಹೊಲಿದು ಇಸ್ತ್ರಿ ಮಾಡಿ ಕೊಟ್ಟದ್ದು ಮಾತ್ರ. ನಿನ್ನೆ ಫೋನಿನಲ್ಲಿ ಆಕೆ ಮುಲಾಜಿಲ್ಲದೆ ಹೇಳಿದ್ದಳು: “ನೋಡಿ ಇವರೇ, ಸುಮ್ನೆ ಜಾಸ್ತಿ ಮಾಡಿ ಅಂದ್ರೆ ಆಗಲ್ಲ. ಎಪಿಸೋಡು ನಲವತ್ತು ನಿಮಿಷ ಇದ್ದಿದ್ದು ಇಪ್ಪತ್ತೈದಕ್ಕೆ ಬಂದಿದೆ. ಕೆಲಸ ಇಳೀತಾ ಇದ್ರೆ ಕಾಸು ಏರೋದು ಎಲ್ಲಾದ್ರೂ ಇದೆಯಾ? ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರ್ಕೊಂಡು ನಾಳೆ ನಾಲ್ಕು ಗಂಟೆಗೆ ಬನ್ನಿ.” ಅವನು ಆಗಲಿ ಎಂದಿದ್ದ. ಬಿಡಿಬಿಡಿಯಾಗಿ ಬರೆಯುವುದರಲ್ಲಿ ಏನು ಕಷ್ಟ ಎಂದು ನಿನ್ನೆ ಅನ್ನಿಸಿತ್ತು.

ಬೆಳಗ್ಗೆ ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಹುಡುಕುತ್ತ, “ರೀ, ಇವತ್ತಾದ್ರೂ ದಾನಶೂರನ ಥರ ಆಡ್ಬೇಡಿ. ಬಾಯಿಬಿಟ್ಟು ಕೇಳಿ. ನಿಮ್ಮದು ಸೊಂಟ ಅಲ್ವಾ, ಕೂತೂ ಕೂತೂ ಹಿಡ್ಕೊಂಡಿರೋದು” ಎಂದಳು. ಅವನು ತಟ್ಟೆ ತೊಳೆಯುತ್ತಿದ್ದ. ಚಪ್ಪಲಿ ಸಿಕ್ಕಿದ ಮೇಲೆ, ಬಾಗಿಲು ತೆಗೆದು, ಏನೋ ನೆನಪಾದವಳ ಹಾಗೆ ತಿರುಗಿ, “ಅಂದ ಹಾಗೆ ನಿನ್ನೆ ನಿಮ್ಮ ಡಾಕ್ಟರಮ್ಮನ ಚೀಟಿ ಬಂದಿತ್ತು ಅಂಗಡಿಗೆ. ಕೂಸಿಗೆ ಬರೆದಿರೋ ಹನಿ, ದೊಡ್ಡೋರಿಗೆ ಕೊಡೋ ಲೆಕ್ಕ. ನಾನೇ ಫೋನ್ ಮಾಡಿ ಕೇಳ್ದೆ. ಅಯ್ಯೋ ಅವಸರದಲ್ಲಿ ಬರೆದೆ ಕಣಮ್ಮ ಅಂದ್ರು. ಅಂಥೋರೂ ತಪ್ಪು ಮಾಡ್ತಾರೆ ನೋಡಿ” ಎಂದು ಹೇಳಿ ಬಾಗಿಲೆಳೆದುಕೊಂಡು ಹೋದಳು. ತಟ್ಟೆ ಕೈಯಿಂದ ಜಾರಿ ಸಿಂಕಿನಲ್ಲಿ ಬಿತ್ತು. ಒಡೆಯಲಿಲ್ಲ, ಸ್ಟೀಲಿನದು. ಆ ಸದ್ದು ನಿಲ್ಲುವವರೆಗೂ ಅವನು ನಲ್ಲಿಯನ್ನು ಹಾಗೇ ಬಿಟ್ಟುಕೊಂಡು ನಿಂತಿದ್ದ. ಅಲ್ಲಿಯವರೆಗೆ ಅವರ ತಪ್ಪು ಕಂಬಳಿ ಹೊಡೆದ ಕೋಣೆಯ ಒಳಗಿನ ಮಾತಾಗಿತ್ತು, ಅವನಿಗೂ ಡಾಕ್ಟರಮ್ಮನ ದನಿಗೂ ಸಂಬಂಧಪಟ್ಟದ್ದು. ಈಗ ಅದು ಚೀಟಿಯ ಮೇಲೆ ಕೂತು ಅಂಗಡಿಯ ತನಕ ಬಂದಿತ್ತು.

ಮೊದಲ ಸಲದ್ದು ಎಂಟು ತಿಂಗಳ ಹಿಂದೆ. ಕೂಸುಗಳ ಹೊಟ್ಟೆನೋವಿನ ಎಪಿಸೋಡು. ಹನಿಯ ಔಷಧಿ ಎಷ್ಟು ಹಾಕಬೇಕೆಂದು ಹೇಳುವಲ್ಲಿ ಡಾಕ್ಟರಮ್ಮ ಹದಿನಾಲ್ಕು ಎಂದಿದ್ದರು. ಅದೇ ಮಾತನ್ನು ಎರಡು ವರ್ಷದ ಹಿಂದೆ ಅವರು ನಾಲ್ಕು ಎಂದು ಹೇಳಿದ್ದನ್ನು ಇವನೇ ಎಡಿಟ್ ಮಾಡಿದ್ದ. ಹಾಳಾದ ಕಿವಿ ಮರೆತಿರಲಿಲ್ಲ. ಆದರೂ ಖಾತ್ರಿಗಿರಲಿ ಎಂದು ಊಟಕ್ಕೆ ಕೂತಾಗ ಹೆಂಡತಿಯನ್ನು ಸುಮ್ಮನೆ ಎಂಬಂತೆ ಕೇಳಿದ. ಅವಳು ತುತ್ತನ್ನು ಅಲ್ಲೇ ನಿಲ್ಲಿಸಿ, “ಹದಿನಾಲ್ಕಾ? ಯಾರ್ರೀ ಹಾಗಂದಿದ್ದು? ಮಗು ಗತಿ ಏನಾಗ್ಬೇಕು?” ಎಂದಳು. ಯಾರೋ ಮೊಬೈಲಿನಲ್ಲಿ ಕಳಿಸಿದ್ದರು ಎಂದ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಆಮೇಲೆ ಕೋಣೆಗೆ ಬಂದು ಪರದೆಯ ಮೇಲೆ ಆ ಪದವನ್ನು ದೊಡ್ಡದು ಮಾಡಿ, ಮೊದಲಿನ ‘ಹದಿ’ಯಷ್ಟನ್ನು ಮಾತ್ರ ಕತ್ತರಿಸಿದ. ಕಣ್ಣು ಮಿಟುಕಿಸುವಷ್ಟು ಹೊತ್ತಿನದು. ಅಂಚುಗಳನ್ನು ಉಜ್ಜಿ ಹೊಂದಿಸಿ ಮತ್ತೆ ಕೇಳಿದ. ನಾಲ್ಕು. ಡಾಕ್ಟರಮ್ಮನದೇ ದನಿ, ಅವರದೇ ಖಚಿತತೆ, ಅವರದೇ ಧೈರ್ಯ. ಏಳು ಸಲ ಕೇಳಿಸಿಕೊಂಡ. ಫೋನು ಎತ್ತಿ ‘ಡಾಕ್ಟ್ರೇ, ಹೀಗಂದುಬಿಟ್ಟಿದೀರಿ’ ಎನ್ನುವುದು ಒಂದು ನಿಮಿಷದ ಕೆಲಸ. ಅವನು ಹಾಗೆ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಬೇರೆ ಯಾರಾದರೂ ಕೇಳಿದರೆ ಅವರಿಗೆ ನೋವಾಗಬಾರದು ಅಂತ ಎನ್ನಬಹುದು. ನಿಜ ಏನೆಂದರೆ ಹೊಲಿಗೆ ಅಷ್ಟು ಚೆನ್ನಾಗಿ ಬಂದಿತ್ತು. ಎಂಥ ಕೆಲಸ ಮಾಡಿದೆ ಎಂದು ಆ ಮಧ್ಯಾಹ್ನ ಅವನಿಗೆ ತುಂಬ ಖುಷಿಯಾಗಿತ್ತು.

ಕತ್ತರಿಸಿದ್ದನ್ನು ಬಿಸಾಡುವ ಅಭ್ಯಾಸ ಅವನಿಗಿಲ್ಲ. ತೆಗೆದ ಚೂರುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿಡುವುದು ರೇಡಿಯೋ ಕಾಲದ ಚಾಳಿ, ಯಾವಾಗ ಯಾವ ಉಸಿರು ಬೇಕಾಗುತ್ತದೋ ಹೇಳಲಾಗದು. ಹಾಗೆ ಆ ‘ಹದಿ’ಯೂ ಅಲ್ಲಿದೆ. ಅದರ ಹಿಂದೆ ಇನ್ನೂ ಹತ್ತು ಸೇರಿವೆ. ದಿನಕ್ಕೆ ಎಷ್ಟು ಸಲ ಎನ್ನುವುದರಲ್ಲಿ ಒಮ್ಮೆ, ಔಷಧಿಯ ಹೆಸರೇ ಅದಲುಬದಲಾದದ್ದು ಎರಡು ಸಲ, ಉಳಿದವು ಎಷ್ಟು ಕೊಡಬೇಕೆಂಬ ಲೆಕ್ಕ. ಮೊದಲಿನ ಹಾಗೆ ಬರೀ ಕತ್ತರಿಸಿದರೆ ಸಾಲುತ್ತಿರಲಿಲ್ಲ. ಹಳೆಯ ಎಪಿಸೋಡುಗಳಿಂದ ಸರಿಯಾದ ಪದವನ್ನು ಹುಡುಕಿ ತಂದು, ಆವತ್ತಿನ ಶೀತ, ಇವತ್ತಿನ ಆಯಾಸ ಎರಡನ್ನೂ ಹೊಂದಿಸಿ ಕೂರಿಸಬೇಕಾಗುತ್ತಿತ್ತು. ಈಚೆಗೆ ಒಂದೇ ಕಥೆಯನ್ನು ಒಂದೇ ರೆಕಾರ್ಡಿಂಗಿನಲ್ಲಿ ಐದು ಸಲ ಹೇಳುತ್ತಿದ್ದರು, ಐದು ಸಲವೂ ಹೊಸದೆಂಬಂತೆ, ಅದೇ ಜಾಗದಲ್ಲಿ ಅದೇ ನಗು. ನಡುನಡುವೆ ಮೌನ. ಒಂದು ಸಲ ಎರಡು ನಿಮಿಷದ ಮೌನದ ನಂತರ, ತೀರ ಸಣ್ಣಗೆ, ‘ಏನು ಹೇಳ್ತಿದ್ದೆ?’ ಎಂದರು. ಉತ್ತರ ಗೊತ್ತಿದ್ದವನು ಇವನೊಬ್ಬನೇ, ಅದೂ ಮೂರು ದಿನ ತಡವಾಗಿ. ಆ ಮೌನದಲ್ಲಿ ಅವರ ಮನೆಯ ಗೋಡೆ ಗಡಿಯಾರ ಕೇಳಿಸುತ್ತಿತ್ತು. ಅದನ್ನೂ ತೆಗೆದ. ಎಪಿಸೋಡಿನ ಕೆಳಗೆ ಯಾರೋ ತಾಯಿ, ‘ಈ ವಯಸ್ಸಲ್ಲೂ ಎಷ್ಟು ಸ್ಪಷ್ಟ ನಮ್ಮ ಡಾಕ್ಟರಮ್ಮ!’ ಎಂದು ಬರೆದಿದ್ದಳು. ಅದನ್ನು ಓದಿ ಅವನು ಫೋನನ್ನು ಮಗುಚಿ ಇಟ್ಟ.

ಮೂರು ಗಂಟೆಗೆ ‘ಇತರೆ’ಯ ಎದುರು ಮಿಕ್ಕ ನಾಲ್ಕೂ ಸೇರಿದಷ್ಟು ಮೊತ್ತ ಬರೆದು ಪ್ರಿಂಟು ತೆಗೆದ. ಅವಸರವಸರವಾಗಿ, ಓದದೆಯೇ ಮಡಚಿ ಜೇಬಿಗಿಟ್ಟುಕೊಂಡ. ನಡೆದೇ ಹೊರಟ. ಇಪ್ಪತ್ತು ನಿಮಿಷದ ದಾರಿ. ಬಟ್ಟೆ ಅಂಗಡಿ, ಬೀಗ ರಿಪೇರಿಯವನು, ಮುಚ್ಚಿದ ಬ್ಯಾಂಕು. ಇದೇ ದಾರಿಯಲ್ಲಿ ಎಂಟು ವರ್ಷದ ಹಿಂದೆ ಮಗಳನ್ನು ಎತ್ತಿಕೊಂಡು ಓಡಿದ್ದ, ಜ್ವರ ನೆತ್ತಿಗೇರಿ ಕೂಸಿನ ಕಣ್ಣುಗುಡ್ಡೆ ಮೇಲಾಗಿತ್ತು, ಹೆಂಡತಿ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹಿಂದೆ ಓಡಿಬರುತ್ತಿದ್ದಳು. ಡಾಕ್ಟರಮ್ಮ ಕೂಸನ್ನು ಅವನ ಕೈಯಿಂದ ಕಿತ್ತುಕೊಂಡೇ ತಕ್ಕಡಿಯ ಮೇಲೆ ಇಟ್ಟು, ‘ಏಳೂವರೆ’ ಎಂದು ಕೂಗಿದ್ದರು. ಏಳೂವರೆ ಕೆಜಿ. ಅಷ್ಟಕ್ಕೆ ಎಷ್ಟು ಔಷಧಿ ಎಂದು ಅವರ ತುಟಿ ಒಳಗೊಳಗೇ ಲೆಕ್ಕ ಹಾಕಿದ್ದನ್ನು ಅವನು ನೋಡಿದ್ದ. ಅರ್ಧ ಗಂಟೆಯಲ್ಲಿ ಮಗು ಕಣ್ಣು ತೆರೆದು ಅವರ ಕನ್ನಡಕ ಎಳೆಯಿತು. ಆಮೇಲೆ ಪ್ರತಿ ಸಲವೂ ‘ಎಲ್ಲಿ ನಮ್ಮ ಏಳೂವರೆ?’ ಎಂದೇ ಕರೆದರು. ಮಗುವಿಗೆ ಹದಿನೈದು ಕೆಜಿ ಆದಾಗಲೂ ಏಳೂವರೆ, ಸ್ಕೂಲಿಗೆ ಹೋದಾಗಲೂ ಏಳೂವರೆ. ಶನಿಕಾಟದ ಲೆಕ್ಕ ಇದ್ದ ಹಾಗಿದೆ, ಇದೆಂಥ ಹೆಸರು ಎಂದು ಅತ್ತೆ ಗೊಣಗಿದರೂ ಮನೆಯಲ್ಲಿ ಅದೇ ನಿಂತಿತು. ಆ ದಿನ ಅವರ ತುಟಿಯ ಮೇಲಿನ ಲೆಕ್ಕ ತಪ್ಪಿದ್ದರೆ? ಅವನು ಬೀಗದ ಅಂಗಡಿಯೆದುರು ನಿಂತು ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡ. ಯಾರ ಅಪ್ಪನೋ ಇವತ್ತು ಯಾವ ಕೂಸನ್ನೋ ಎತ್ತಿಕೊಂಡು ಓಡಿ ಬರುತ್ತಿರಬಹುದು. ಇವನು ದರಪಟ್ಟಿ ಹಿಡಿದುಕೊಂಡು ಹೋಗುತ್ತಿದ್ದಾನೆ.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಆರೇಳು ಜನ ಕೂತಿದ್ದರು. ಮೂಲೆಯ ಸ್ಪೀಕರಿನಲ್ಲಿ ಡಾಕ್ಟರಮ್ಮನ ಎಪಿಸೋಡು ಸಣ್ಣಗೆ ಓಡುತ್ತಿತ್ತು. ಆ ಸ್ಪೀಕರನ್ನು ಕೂರಿಸಿದವನೂ ಇವನೇ, ಕಾಯುವವರಿಗೆ ಬೇಸರವಾಗಬಾರದೆಂದು. ಹೊಟ್ಟೆನೋವಿನ ಎಪಿಸೋಡು. ಬರಲಿದೆ ಎಂದು ಅವನಿಗೆ ಗೊತ್ತಿತ್ತು, ಹಲ್ಲು ಕಚ್ಚಿ ನಿಂತ. ನಾಲ್ಕು ಹನಿ, ಎಂದಿತು ಸ್ಪೀಕರು. ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದ ಒಬ್ಬ ತಂದೆ ನಾಲ್ಕು ಬೆರಳು ಎತ್ತಿ ಹೆಂಡತಿಗೆ ತೋರಿಸಿದ. ಅವಳು ತಲೆಯಾಡಿಸಿದಳು. ಅಷ್ಟು ನಂಬಿಕೆ! ಹೊಲಿಗೆ ಎಲ್ಲಿದೆ ಎಂದು ಇವನೂ ಹುಡುಕಬೇಕಾಯಿತು, ಅಷ್ಟು ಸೊಗಸಾಗಿತ್ತು ಅದು.

ತಂಗಿ ಪಕ್ಕದ ಪುಟ್ಟ ಆಫೀಸಿನಲ್ಲಿ ಕೂತಿದ್ದಳು. ಕಾಗದವನ್ನು ಬಿಡಿಸಿ, ಕನ್ನಡಕ ಏರಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಕುಟ್ಟುತ್ತ ಬಂದಳು.

“ಉಸಿರಿಗೂ ದುಡ್ಡಾ ಇವರೇ? ಉಸಿರಾಡದೆ ಮಾತಾಡೋಕಾಗುತ್ತಾ ನಮ್ಮಕ್ಕನಿಗೆ?”

“ಎಲ್ಲಾ ಉಸಿರೂ ಅಲ್ಲ ಮೇಡಂ. ಕೇಳೋರ ಕಿವಿಗೆ ಚುಚ್ಚೋದು ಮಾತ್ರ.”

“ಸರಿ, ಅದನ್ನ ಅರ್ಧ ಮಾಡಿ. ಫ್ಯಾನ್ ಸದ್ದು, ಅಕ್ಕಂಗೆ ಫ್ಯಾನ್ ಆಫ್ ಮಾಡಿ ಕೂತ್ಕೋ ಅಂತೀನಿ, ಅದು ಬೇಡ, ಹೊಡೆದುಹಾಕಿ. ಹೇಳಿದ್ದೇ ಹೇಳೋದು,” ಎಂದು ತಲೆಯೆತ್ತಿದಳು, “ನಮ್ಮಕ್ಕ ಹೇಳಿದ್ದೇ ಹೇಳ್ತಾಳಾ?”

“ಒಂದೊಂದ್ಸಲ.”

“ವಯಸ್ಸಾಯ್ತಲ್ಲ, ಇರಲಿ. ಸಂಗೀತ ಆಯ್ತು. ಐದನೇದು ಇದೇನಿದು, ಇತರೆ?” ಅವಳ ಪೆನ್ನು ಮೊತ್ತದ ಮೇಲೆ ನಿಂತಿತು. “ಅಯ್ಯೋ ರಾಮ! ಊಟಕ್ಕಿಂತ ಉಪ್ಪಿನಕಾಯಿಗೇ ಬಿಲ್ಲು ಜಾಸ್ತಿ ಮಾಡಿದೀರಲ್ರೀ. ಏನು ಇತರೆ ಅಂದ್ರೆ?”

ಅವನು ಬಾಯಿ ತೆರೆದ. ಆ ಹೊತ್ತಿಗೆ ಡಾಕ್ಟರಮ್ಮ ಒಳಬಂದರು. ಗಿಡ್ಡ ದೇಹ, ಚುರುಕು ನಡಿಗೆ, ಒಂದು ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡಿದ್ದರು, ಇನ್ನೊಂದು ಕೊರಳಲ್ಲಿ ತೂಗುತ್ತಿತ್ತು. “ಕತ್ತರಿ ಬಂದಿದಾನಾ! ಕೊಡೋದನ್ನ ಕೊಟ್ಟುಬಿಡೇ, ಇವನ ಹತ್ರ ಎಂಥ ಚೌಕಾಶಿ” ಎಂದು ತಂಗಿಯ ಬೆನ್ನು ತಟ್ಟಿದರು. ಹೊರಗೆ ಯಾವುದೋ ಮಗು ವಾಂತಿ ಮಾಡಿಕೊಂಡಿತೆಂದು ಯಾರೋ ಕರೆದರು. ತಂಗಿ ಬಟ್ಟೆ, ಬಕೆಟ್ಟು ಎನ್ನುತ್ತ ಎದ್ದು ಹೋದಳು. ಡಾಕ್ಟರಮ್ಮ ಅವಳ ಕುರ್ಚಿಯಲ್ಲಿ ಕೂತು ದರಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಕೋಣೆ ಸದ್ದಿಲ್ಲದಾದಾಗ ಕೊರಳಲ್ಲಿ ತೂಗುತ್ತಿದ್ದ ಇಯರ್‌ಫೋನಿನಿಂದ ಅವನಿಗೆ ಕೇಳಿಸಿತು, ಇರುವೆಯಷ್ಟು ಸಣ್ಣ ದನಿ. ಹಾಡಲ್ಲ. ಅವರದೇ ದನಿ. ಎರಡು ತಿಂಗಳ ಹಿಂದಿನ ಕೆಮ್ಮಿನ ಎಪಿಸೋಡು. ಅದರಲ್ಲಿ ಮೂರು ಹೊಲಿಗೆ ಇವೆ.

“ಆ ಹನಿ ಔಷಧಿ ಎಪಿಸೋಡು,” ಎಂದರು ಕಾಗದದ ಮೇಲಿನ ಕಣ್ಣನ್ನು ತೆಗೆಯದೆ. “ನಾನು ಕಳಿಸಿದ್ರಲ್ಲಿ ಎಷ್ಟಿತ್ತು?”

“ಯಾವುದು ಡಾಕ್ಟ್ರೇ?”

“ನನ್ನ ಹತ್ರ ನಾಟಕ ಆಡ್ಬೇಡ ಕಣೋ. ಎಷ್ಟಿತ್ತು?”

“ಹದಿನಾಲ್ಕು.”

ಅವರು ಮೆಲ್ಲಗೆ ತಲೆಯಾಡಿಸಿದರು, ಪರೀಕ್ಷೆಯ ರಿಪೋರ್ಟು ಓದಿಸಿಕೊಂಡ ರೋಗಿಯ ಹಾಗೆ. “ಕಳಿಸೋ ಮುಂಚೆ ಕೇಳಿದ್ದೆ. ಸರಿಯಾಗೇ ಇದೆ ಅನ್ನಿಸ್ತು. ಆಮೇಲೆ ನಿನ್ನದು ಬಂತು, ಅದರಲ್ಲಿ ನಾಲ್ಕು ಇದೆ. ಪುಸ್ತಕ ತೆಗೆದು ನೋಡ್ದೆ. ನಿನ್ನದೇ ಸರಿ.” ಕೊರಳಿನ ಇಯರ್‌ಫೋನನ್ನು ಬೆರಳಿಗೆ ಸುತ್ತಿಕೊಂಡರು. “ಆವತ್ತಿಂದ ನಿನ್ನದನ್ನ ಕೇಳ್ಕೊಂಡೇ ರೋಗಿ ಹತ್ರ ಹೋಗ್ತೀನಿ. ಎದುರಿಗೆ ಪುಸ್ತಕ ತೆರೆದ್ರೆ ಅವರಿಗೆ ಗಾಬರಿ ಆಗುತ್ತೆ. ಇದಾದ್ರೆ ಹಾಡು ಕೇಳ್ತಿದಾರೆ ಅನ್ಕೋತಾರೆ.”

ತಾನು ಕತ್ತಲೆ ಕೋಣೆಯಲ್ಲಿ ಕೂತು, ಹೆಂಡತಿಯನ್ನು ಊಟದ ನಡುವೆ ಕೇಳಿ, ಹಳೆಯ ಫೈಲು ಹುಡುಕಿ, ಅಂದಾಜಿನ ಮೇಲೆ ಹೊಲಿದದ್ದು ಇಲ್ಲಿ ಪುಸ್ತಕವಾಗಿಬಿಟ್ಟಿದೆ. “ಡಾಕ್ಟ್ರೇ, ನನಗೇನು ಗೊತ್ತು?” ಎಂದ. ದನಿ ಕೀರಲಾಯಿತು. “ಹನ್ನೊಂದು ಸಿಕ್ಕಿವೆ. ಸಿಕ್ಕಿದ್ದು ಅಷ್ಟು. ಸಿಗದೇ ಹೋಗಿರೋದು ಎಷ್ಟಿದೆಯೋ! ನಾನು ಹತ್ತನೇ ಕ್ಲಾಸಲ್ಲಿ ಸೈನ್ಸು ಫೇಲು.”

“ಹನ್ನೊಂದಾ?” ಎಂದರು ಅವರು. ಅಷ್ಟು ಎಂದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನವನ್ನು ಅವನು ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದ, ನೇರವಾಗಿ ಚಪ್ಪಟೆಯಾಗಿ ಎಳೆದ ಗೆರೆ. ಈಗ ಅದಕ್ಕೊಂದು ಮುಖ ಇತ್ತು. ಆಮೇಲೆ ಮುಂದಕ್ಕೆ ಬಾಗಿ, “ಒಂದು ವರ್ಷ ಕಣೋ. ಒಂದೇ ವರ್ಷ. ಇದು ಬಿಟ್ರೆ ನಾನೇನು ಮಾಡ್ಲಿ, ಮನೇಲಿ ಕೂತು ಗಡಿಯಾರ ನೋಡ್ಲಾ? ಐದನೇದಕ್ಕೆ ಎಷ್ಟು ಬೇಕಾದ್ರೂ ಹಾಕು. ಇದರ ಮೂರರಷ್ಟು ಹಾಕು. ಅವಳಿಗೆ ನಾನು ಹೇಳ್ತೀನಿ, ಕೊಡ್ತಾಳೆ. ನೀನು ಹೊಲೀತಾ ಇರು ಸಾಕು” ಎಂದರು.

ಮೂರರಷ್ಟು. ನಾಚಿಕೆಗೇಡು, ಆದರೆ ಮನಸ್ಸು ಆ ಕ್ಷಣದಲ್ಲೇ ಗುಣಿಸಿತು. ಕಿಟಕಿ ಇರುವ ಒಂದು ಕೋಣೆ ಬಾಡಿಗೆಗೆ, ಒಳ್ಳೆಯ ಕುರ್ಚಿ, ಸೊಂಟ, ಭಾವಮೈದುನನ ಮುಖ. ಅಲ್ಲದೆ ಇವರು ಕೇಳುತ್ತಿದ್ದಾರೆ. ತನ್ನ ಮಗುವಿನ ಕಣ್ಣನ್ನು ಕೆಳಗಿಳಿಸಿಕೊಟ್ಟವರು, ಯಾವತ್ತೂ ಯಾರನ್ನೂ ಏನನ್ನೂ ಬೇಡದವರು, ಇವತ್ತು ಕತ್ತರಿಯ ಎದುರು ಕೂತು ಬೇಡುತ್ತಿದ್ದಾರೆ. ಇಲ್ಲ ಅಂದರೆ ತನ್ನಂಥ ಕೃತಘ್ನ ಇನ್ನೊಬ್ಬನಿಲ್ಲ. ಹೂಂ ಅಂದರೆ? ಹೊರಗೆ ವಾಂತಿ ಮಾಡಿಕೊಂಡ ಮಗು ಅಳುತ್ತಿತ್ತು. ಮುಂದಿನ ಸರದಿ ಅದರದೇ ಇರಬೇಕು. ಅದರ ತೂಕ ಎಷ್ಟೋ. ಅದಕ್ಕೆ ಔಷಧಿ ಬರೆಯುವಾಗ ಹಿಂದೆ ಹೋಗಿ ಕತ್ತರಿಸಲು ಯಾರೂ ಇರುವುದಿಲ್ಲ, ಬಾಯಿಂದ ಬಿದ್ದದ್ದು ಬಿದ್ದ ಹಾಗೆಯೇ ಅದರ ಹೊಟ್ಟೆಗೆ ಹೋಗುತ್ತದೆ. ಎಲ್ಲ ಚೀಟಿಯೂ ಅವನ ಹೆಂಡತಿಯ ಅಂಗಡಿಗೇ ಬರುತ್ತದೆಯೇ?

ತಂಗಿ ಕೈ ಒರೆಸಿಕೊಳ್ಳುತ್ತ ಬಂದಳು. “ಹೂಂ, ಏನಂತೆ ನಿಮ್ಮ ಇತರೆ?”

ಡಾಕ್ಟರಮ್ಮ ಅವನನ್ನೇ ನೋಡುತ್ತಿದ್ದರು. ಅವನು ಅವರನ್ನು ನೋಡಲಿಲ್ಲ. ಪೆನ್ನು ತೆಗೆದುಕೊಂಡು ಐದನೆಯ ಸಾಲನ್ನು ಹೊಡೆದು, “ಅಕ್ಕ ತಪ್ಪಾಗಿ ಹೇಳಿದ ಔಷಧಿ ಲೆಕ್ಕಾನ ನಾನು ಸರಿ ಮಾಡಿ ಹಾಕೋದು, ಅದು ಇತರೆ” ಎಂದ. “ಎಂಟು ತಿಂಗಳಿಂದ ಹನ್ನೊಂದು ಸಲ. ಅದಕ್ಕೆ ದರ ಇಲ್ಲ ಮೇಡಂ. ಇನ್ನು ನಾನು ಮಾಡಲ್ಲ. ಅವರು ಚೀಟಿ ಬರೀಬಾರದು.”

ತಂಗಿ ಮೊದಲು ನಕ್ಕಳು. ಆಮೇಲೆ ಅಕ್ಕನ ಮುಖ ನೋಡಿದಳು. “ಅಕ್ಕಾ?” ಎಂದಳು. ಡಾಕ್ಟರಮ್ಮ ಇಯರ್‌ಫೋನಿನ ದಾರವನ್ನು ಬೆರಳಿಂದ ಬಿಚ್ಚುತ್ತಿದ್ದರು. ತಂಗಿ ಅಲ್ಲೇ ಗೋಡೆಗೆ ಒರಗಿ ಒಂದು ಕ್ಷಣ ನಿಂತಳು. ಆ ಎಂಟು ತಿಂಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಫೋನುಗಳು, ಕಳೆದ ಬೀಗದ ಕೈಗಳು, ಏನೇನು ಅವಳ ತಲೆಯಲ್ಲಿ ಸಾಲುಗಟ್ಟಿದವೋ. ತಿರುಗಿದಾಗ ಸಿಟ್ಟೆಲ್ಲ ಇವನ ಮೇಲೆ ಬಿತ್ತು. “ಎಂಟು ತಿಂಗಳು ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಯಾವ ಧೈರ್ಯದ ಮೇಲೆ ರೀ? ನಿಮಗೆ ಮಕ್ಕಳಿಲ್ವಾ?”

“ಇದಾಳೆ ಮೇಡಂ” ಎಂದ. ಬೈಸಿಕೊಳ್ಳುವುದು ನ್ಯಾಯವೇ ಅನ್ನಿಸಿತು, ಅವಳು ಇನ್ನೂ ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಆದರೆ ಅವಳು ಬಾಗಿಲು ತೆಗೆದು ಹೊರಗಿನವರಿಗೆ, “ಇವತ್ತು ಡಾಕ್ಟರಿಗೆ ಹುಷಾರಿಲ್ಲ. ದಯವಿಟ್ಟು ಬೇರೆ ಕಡೆ ತೋರಿಸ್ಕೊಳ್ಳಿ. ಈ ತಿಂಗಳು ಚೀಟಿ ತಗೊಂಡೋರೆಲ್ಲ ನಂಬರ್ ಬರೆಸಿ ಹೋಗಿ, ನಾನೇ ಫೋನ್ ಮಾಡ್ತೀನಿ” ಎಂದಳು. ಅವಳ ದನಿ ಎರಡನೆಯ ವಾಕ್ಯದಲ್ಲೇ ಒಡೆಯಿತು. ಜನ ಗೊಣಗುತ್ತ ಎದ್ದರು. ನಾಲ್ಕು ಬೆರಳು ಎತ್ತಿದ್ದ ತಂದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಸ್ಪೀಕರಿನ ಕಡೆ ನೋಡಿದ. ಅದು ಇನ್ನೂ ಮಾತಾಡುತ್ತಿತ್ತು, ಗಾಬರಿಯಾಗಬೇಡಿ ತಾಯಂದಿರೇ ಎನ್ನುತ್ತಿತ್ತು. ತಂಗಿ ಸ್ವಿಚ್ಚು ಎಲ್ಲಿದೆಯೆಂದು ಗೊತ್ತಾಗದೆ ಗೋಡೆಯೆಲ್ಲ ತಡಕಿದಳು. ಕೂರಿಸಿದವನಿಗೆ ಗೊತ್ತಿತ್ತು. ಅವನು ಹೋಗಿ ಬೆಂಚಿನ ಹಿಂದೆ ಕೈಹಾಕಿ ಆರಿಸಿದ. ಮಾತು ಪದದ ಅರ್ಧಕ್ಕೇ ನಿಂತಿತು. ಅವರ ಮಾತನ್ನು ಹಾಗೆ ಒರಟಾಗಿ ಅವನು ಯಾವತ್ತೂ ಕತ್ತರಿಸಿರಲಿಲ್ಲ.

ಆಫೀಸಿಗೆ ಮರಳಿದಾಗ ಡಾಕ್ಟರಮ್ಮ ಅದೇ ಕುರ್ಚಿಯಲ್ಲಿ ಕೂತಿದ್ದರು. ಇಯರ್‌ಫೋನು ಮೇಜಿನ ಮೇಲಿತ್ತು, ದರಪಟ್ಟಿಯ ಮೇಲೆ. ಅದರಲ್ಲಿ ಅವರ ದನಿ ಇನ್ನೂ ಸಣ್ಣಗೆ, ಒಂದೂ ತಪ್ಪಿಲ್ಲದೆ, ಹೇಳುತ್ತಲೇ ಇತ್ತು. ಅವನು ಬಾಗಿಲ ಬಳಿ ನಿಂತ. ಬಹಳ ಹೊತ್ತಾದ ಮೇಲೆ ಅವರು ತಲೆಯೆತ್ತಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇವನು ಈಗಷ್ಟೇ ಒಳಬಂದವನೆಂಬಂತೆ, ನಡೆದದ್ದೆಲ್ಲ ಮರೆತೇ ಹೋಯಿತೋ, ಇಲ್ಲ ಅವರೇ ಅದನ್ನು ಪಕ್ಕಕ್ಕೆ ಸರಿಸಿದರೋ, ಹಳೆಯ ನಗು ನಕ್ಕರು.

“ಏನೋ ಕತ್ತರಿ, ಮನೇಲಿ ಎಲ್ಲಾ ಹುಷಾರಾ? ನಮ್ಮ ಆರೂಕಾಲು ಹೇಗಿದಾಳೆ?”

ಸರಿಯಾದ ಲೆಕ್ಕ ಅವನ ನಾಲಿಗೆಯ ತುದಿಗೆ ಬಂದಿತ್ತು.

“ಚೆನ್ನಾಗಿದಾಳೆ ಡಾಕ್ಟ್ರೇ” ಎಂದ.